ನಮ್ಮ ಹೊಲದಾಗ ಹಮ್ಮಿಂಗ್‌ಬರ್ಡ್ ಇಲ್ಲ, ಆದ್ರ ಅದರ ಹೂವು ಐತಿ

(1/9)

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲೂಕಿನ ಯಾವ ಊರಿನವರಾದ್ರೂ ಇರಲಿ, ಆ ವಿಡಿಯೋ ನಿಮ್ಮ ಫೋನಿಗೂ ಬಂದಿರತೈತಿ. ಹಿತ್ತಲ ದಾಸವಾಳ, ಅದರ ಮುಂದ ಬೆರಳುದ್ದದ ಹೊಳಿಯೋ ಹಕ್ಕಿ, ಬಾಗಿದ ಸಣ್ಣ ಚುಂಚು, ಮ್ಯಾಲ ದೊಡ್ಡ ಅಕ್ಷರದಾಗ “ನಮ್ಮೂರಾಗ ಹಮ್ಮಿಂಗ್‌ಬರ್ಡ್!!!” ಅಂತ. ಕೆಳಗ ಸಾಲುಸಾಲು ಬೆಂಕಿ ಎಮೋಜಿ.

ದೋಸ್ತರ, ಗಟ್ಟಿ ಮಾತು ಮೊದಲ ಹೇಳಿಬಿಡ್ತೀನಿ. ಅದು ಹಮ್ಮಿಂಗ್‌ಬರ್ಡ್ ಅಲ್ಲ. ಹಮ್ಮಿಂಗ್‌ಬರ್ಡ್ ಕುಟುಂಬದಲ್ಲಿ ಸುಮಾರು 360 ಜಾತಿಗಳಿವೆ. ಎಲ್ಲವೂ ಅಮೆರಿಕ ಖಂಡಗಳಲ್ಲೇ, ಮೇಲೆ ಅಲಾಸ್ಕಾದಿಂದ ಕೆಳಗೆ ದಕ್ಷಿಣ ಅಮೆರಿಕದ ತುದಿಯವರೆಗೆ. ಈಕ್ವೆಡಾರ್ ಅನ್ನೋ ಸಣ್ಣ ದೇಶದಲ್ಲೇ 130ಕ್ಕೂ ಹೆಚ್ಚು ಜಾತಿ. ನಮ್ಮ ದೇಶದ ಕಾಡಿನಲ್ಲಿ, ಹೊಲದಲ್ಲಿ, ಹಿತ್ತಲಲ್ಲಿ ಒಂದೂ ಇಲ್ಲ.

ಹಂಗಾದ್ರ ನೀವು ನೋಡಿದ್ದು ಏನು? ಎರಡರಾಗ ಒಂದು. ಒಂದೋ ಸೂರಕ್ಕಿ, ಇಲ್ಲಾ ಒಂದು ಜಾತಿಯ ಪತಂಗ. ಎರಡರದ್ದೂ ಕಥಿ ಐತಿ. ನಿಮ್ಮ ದೋಸ್ತ ಹಾಕಿದ ಆ ತಪ್ಪು ಹೆಸರಿಗೆ ನೂರೈವತ್ತು ವರ್ಷಕ್ಕಿಂತ ಹಳೇ ಇತಿಹಾಸ ಐತಿ, ದೊಡ್ಡ ದೊಡ್ಡವರು ಅದರಾಗ ಬಿದ್ದಾರ. ಆದ್ದರಿಂದ ಕಮೆಂಟ್‌ನಾಗ ಅವನ್ನ ಬೈಯಬ್ಯಾಡ್ರಿ. ಈ ಸೀರೀಸ್ ಕಳಸ್ರಿ ಸಾಕು.

(2/9)

ಗುರುತು ಹಿಡಿಯೋದು ಹೆಂಗ? ಒಂದ ಪ್ರಶ್ನೆ ಕೇಳ್ರಿ: ಹಕ್ಕಿ ಕುಂತು ಕುಡೀತೋ, ಗಾಳಿಯಾಗ ನಿಂತು ಕುಡೀತೋ?

ಹಮ್ಮಿಂಗ್‌ಬರ್ಡ್ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಕುಡಿಯುತ್ತದೆ. ರೆಕ್ಕೆ ಸೆಕೆಂಡಿಗೆ ಹತ್ತಾರು ಸಲ ಬಡಿಯುತ್ತದೆ. ಎಂಟರ ಆಕಾರದಲ್ಲಿ ತಿರುಗುವ ಆ ರೆಕ್ಕೆಯಿಂದಲೇ ಅದು ಹಿಂದಕ್ಕೂ ಹಾರಬಲ್ಲದು. ಕಾಲು ಮಾತ್ರ ಬಲ ಇಲ್ಲದವು, ನೆಲದ ಮೇಲೆ ನಡೆಯಲು ಬಾರದು. ಅದರ ಹತ್ತಿರದ ನೆಂಟ ಯಾರು ಗೊತ್ತೇನ್ರಿ? ಸೂರಕ್ಕಿ ಅಲ್ಲ. ಸಂಜಿ ಮುಂದ ಹಳೇ ಗುಡಿ, ಸೇತುವೆಯ ಸುತ್ತ ಕಿರಿಚ್ಕೋತ ಹಾರ್ತಾವಲ್ಲ, ಆ ಬಾನಾಡಿಗಳು.

ಸೂರಕ್ಕಿ ಗುಬ್ಬಿ, ಕಾಗಿ, ಮೈನಾಗಳಿರೋ ಗುಂಪಿನದು. ಕಾಲು ಗಟ್ಟಿ. ಟೊಂಗಿಗೆ ಜೋತುಬಿದ್ದು, ತಲೆಕೆಳಗಾಗಿ, ಹೂವಿನ ತೊಟ್ಟಿನ ಮೇಲೆ ಕುಂತು ಕುಡಿಯುತ್ತದೆ. ಜಾಗ ಸಿಗದಿದ್ದರೆ ಒಂದೆರಡು ಸೆಕೆಂಡು ಗಾಳಿಯಲ್ಲಿ ನಿಲ್ಲುತ್ತದೆ. ಆ ಎರಡು ಸೆಕೆಂಡಿನ ವಿಡಿಯೋನ ವೈರಲ್ ಆಗೋದು!

ನಮ್ಮ ಕಡೆ ದಿನಾ ಕಾಣುವವು ಎರಡು. ಮೊದಲನೆಯದು: ಗಂಡಿನ ಹೊಟ್ಟೆ ಹಳದಿ, ಎದೆಯ ಮೇಲೆ ಕೆಂಗಂದು ಪಟ್ಟಿ, ಗಂಟಲು ನೇರಳೆ, ನೆತ್ತಿ ಮೇಲೆ ಹಸಿರು ಹೊಳಪು, ಬಾಲದ ಬುಡದಲ್ಲಿ ಮತ್ತೆ ನೇರಳೆ. ಎರಡನೆಯದು: ದೂರದಿಂದ ಪೂರಾ ಕಪ್ಪು, ಬಿಸಿಲು ಬಿದ್ದರೆ ನೀಲಿ-ನೇರಳೆ. ಇದರ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ಬಟ್ಟೆ ಬದಲಾಯಿಸುತ್ತದೆ. ಹೆಣ್ಣಿನ ಹಂಗ ಹಳದಿ ಆಗಿ, ಗಂಟಲಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೀಟು ಮಾತ್ರ ಉಳಿಯುತ್ತದೆ. “ನಮ್ಮ ಹಿತ್ತಲದಾಗ ಮೂರು ನಮೂನಿ ಬರ್ತಾವು” ಅಂತ ಹೇಳೋರಿಗೆ ಹೆಚ್ಚಾಗಿ ಒಂದ ಜಾತಿಯ ಗಂಡು, ಹೆಣ್ಣು ಮತ್ತು ಬಟ್ಟಿ ಬದಲಿಸಿದ ಗಂಡು ಕಂಡಿರತಾವು.

ಇನ್ನೊಂದು ಗುಟ್ಟು. ಆ ಹೊಳಪು ಬಣ್ಣ ಅಲ್ಲ. ಗರಿಯ ಒಳಗಿನ ಸೂಕ್ಷ್ಮ ಪದರುಗಳು ಬೆಳಕನ್ನು ಒಡೆದು ಕಳಿಸುವುದರಿಂದ ಹಂಗ ಕಾಣತೈತಿ, ಸಾಬೂನಿನ ಗುಳ್ಳೆ ಮ್ಯಾಲ ಕಾಣೋ ಹಾಗೆ. ಅದಕ್ಕೇ ಹಕ್ಕಿ ಕತ್ತು ತಿರುಗಿಸಿದ ಕೂಡಲೇ ಬೆಳಕು ಆರಿದಂತಾಗಿ ಕಪ್ಪಾಗುತ್ತದೆ. ಹಮ್ಮಿಂಗ್‌ಬರ್ಡ್ ಹೊಳೆಯೋದೂ ಇದೇ ರೀತಿ. ಎರಡೂ ಬೇರೆ ಬೇರೆ ವಂಶ, ಹೂವಿನ ಕೆಲಸ ಒಂದೇ ಆದ್ದರಿಂದ ರೂಪ ಒಂದಕ್ಕೊಂದು ಹತ್ತಿರ ಬಂತು.

(3/9)

ಈಗ ಪತಂಗ. ನಿಮ್ಮ ವಿಡಿಯೋದಾಗಿನ ಪ್ರಾಣಿ ಒಂದ್ಸಲನೂ ಕೂರದೆ, ಗುಂಯ್ ಅಂತ ಸದ್ದು ಮಾಡ್ಕೋತ, ಹೂವಿಂದ ಹೂವಿಗೆ ಗಾಳಿಯಲ್ಲೇ ನಿಂತು ಕುಡೀತಿದ್ರ ವಿಡಿಯೋ ನಿಲ್ಲಿಸಿ ದೊಡ್ಡದು ಮಾಡಿ ನೋಡ್ರಿ. ತಲಿ ಮ್ಯಾಲ ಎರಡು ಮೀಸೆ ಕಂಡ್ವಾ? ಚುಂಚು ಅಂತ ತಿಳಿದದ್ದು ಗಡಿಯಾರದ ಸ್ಪ್ರಿಂಗ್ ಹಾಗೆ ಸುರುಳಿ ಸುತ್ತಿಕೊಳ್ತಾ? ಮುಗೀತು, ಅದು ಹಾಕ್‌ಮಾತ್ ಅನ್ನೋ ಪತಂಗ. ಇದರಲ್ಲಿ ಹಸಿರು ಮೈ, ಗಾಜಿನಂಥ ಪಾರದರ್ಶಕ ರೆಕ್ಕೆ ಇರೋ ಒಂದು ಜಾತಿ ಹಗಲಲ್ಲೇ ಹಾರುತ್ತದೆ. ಮೋಸ ಹೋಗೋದಕ್ಕ ಅದಕ್ಕಿಂತ ಚಂದದ ಕಾರಣ ಬೇಕಿಲ್ಲ.

ಹೆನ್ರಿ ವಾಲ್ಟರ್ ಬೇಟ್ಸ್ ಅಂತ ಒಬ್ಬ ಇಂಗ್ಲಿಷ್ ನಿಸರ್ಗತಜ್ಞ ಇದ್ದ. 1848ರಿಂದ 1859ರವರೆಗೆ, ಹನ್ನೊಂದು ವರ್ಷ ಅಮೆಜಾನ್ ಕಾಡಿನಲ್ಲಿ ಕಳೆದವನು. ಅಲ್ಲಿ ಹಮ್ಮಿಂಗ್‌ಬರ್ಡ್ ನಿಜವಾಗಿಯೂ ಇವೆ, ಈ ಪತಂಗಗಳೂ ಇವೆ. ಹಮ್ಮಿಂಗ್‌ಬರ್ಡ್ ಅಂತ ಗುರಿ ಇಟ್ಟು ಹೊಡೆದರೆ ಕೆಳಗೆ ಬಿದ್ದದ್ದು ಪತಂಗ, ಹೀಗೆ ಹಲವು ಸಲ ಆಯಿತೆಂದು ಅವನೇ 1863ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ದಿನಗಳು ಕಳೆದ ಮೇಲಷ್ಟೇ ಹಾರುವಾಗ ಎರಡನ್ನೂ ಬೇರೆ ಮಾಡಲು ಅವನಿಗೆ ಸಾಧ್ಯ ಆಯಿತು. ಅಲ್ಲಿಯ ಜನ, ಓದಿದ ಬಿಳಿಯರು ಸಹ, ಪತಂಗವೇ ಮುಂದೆ ಹಕ್ಕಿ ಆಗುತ್ತದೆ ಅಂತ ನಂಬಿದ್ದರಂತೆ. ಕಂಬಳಿಹುಳ ಚಿಟ್ಟೆ ಆಗೋದಾದ್ರ ಪತಂಗ ಹಕ್ಕಿ ಯಾಕ ಆಗಬಾರದು? ಅವರ ತರ್ಕವೂ ಪೂರಾ ಸುಳ್ಳು ಅನ್ನೋಹಂಗಿಲ್ಲ ಬಿಡ್ರಿ.

(4/9)

ಹೆಸರಿನ ಕಥೆಗೆ ಬರೋಣ.

1766ರಲ್ಲಿ ಸ್ವೀಡನ್ನಿನ ಲಿನೇಯಸ್ ತನ್ನ ದೊಡ್ಡ ಗ್ರಂಥದ 12ನೇ ಆವೃತ್ತಿ ತಂದ. ಭೂಮಿ ಮೇಲಿನ ಜೀವಿಗಳಿಗೆಲ್ಲ ಎರಡು ಪದದ ಹೆಸರು ಕೊಡುವ ಕೆಲಸ ಅವನದು. ನಮ್ಮ ಹಳದಿ ಹೊಟ್ಟೆ ಸೂರಕ್ಕಿಗೆ ಆ ಆವೃತ್ತಿಯಲ್ಲಿ ‘ಜೇಲೋನಿಕಾ’ ಅಂತ ಹೆಸರು ಸಿಕ್ಕಿತು. ಅಂದ್ರೆ ಸಿಲೋನಿನದು, ಇವತ್ತಿನ ಶ್ರೀಲಂಕಾ. ಉದ್ದ ಚುಂಚಿನ ಇನ್ನೊಂದು ಸೂರಕ್ಕಿಗೆ ‘ಲೊಟೇನಿಯಾ’. ಇದು ಸಿಲೋನಿನ ಡಚ್ ಗವರ್ನರ್ ಆಗಿದ್ದ ಯೋನ್ ಗಿಡಿಯೊನ್ ಲೋಟೆನ್‌ನ ಹೆಸರು. ಲೋಟೆನ್ ಅಲ್ಲಿ ಒಬ್ಬ ಚಿತ್ರಗಾರನಿಂದ ಹಕ್ಕಿಗಳ ಚಿತ್ರ ಬರೆಸಿ ಯುರೋಪಿಗೆ ಒಯ್ದಿದ್ದ. ನಮ್ಮ ಹಿತ್ತಲ ಹಕ್ಕಿ ಲೋಕದ ಪುಸ್ತಕಕ್ಕೆ ಸೇರಿದ್ದು ಸಿಲೋನಿನ ದಾರಿಯಿಂದ. ಕಪ್ಪು ಸೂರಕ್ಕಿಗೆ 1790ರಲ್ಲಿ ಇಂಗ್ಲೆಂಡಿನ ಲೇಥಮ್ ‘ಏಷ್ಯಾಟಿಕಾ’ ಅಂದ.

ಲಿನೇಯಸ್ ಒಂದು ಕೆಲಸ ಸರಿ ಮಾಡಿದ. ಹಮ್ಮಿಂಗ್‌ಬರ್ಡ್‌ಗಳನ್ನು ಒಂದು ಗುಂಪಿನಲ್ಲಿ, ನಮ್ಮವನ್ನು ಇನ್ನೊಂದರಲ್ಲಿ ಇಟ್ಟ. ಆದ್ರ ಇನ್ನೊಂದು ಗುಂಪು ಅಂದ್ರ ಮರ ಹತ್ತೋ ಬ್ಯಾರೇನ ಹಕ್ಕಿಗಳದು! ಬಾಗಿದ ಚುಂಚು ಇದ್ದವರೆಲ್ಲ ಒಂದ ಬೆಂಚಿಗೆ. ಸೂರಕ್ಕಿಗಳಿಗೆ ತಮ್ಮದೇ ಕುಟುಂಬ ಸಿಕ್ಕಿದ್ದು 1825ರಲ್ಲಿ, ವಿಗರ್ಸ್ ಅನ್ನೋ ಐರಿಷ್ ಪ್ರಾಣಿಶಾಸ್ತ್ರಜ್ಞನಿಂದ. ಅವನ ಹೆಸರು ನೆನಪಿಟ್ಕೋರಿ, ಮುಂದ ಬರತೈತಿ.

ಹಿಂದಿಯಲ್ಲಿ ಇದಕ್ಕೆ ಶಕರ್‌ಖೋರಾ, ಸಕ್ಕರೆ ತಿನ್ನೋದು ಅಂತ. ಬ್ರಿಟಿಷರು ಆ ಕಾಲದಲ್ಲಿ ಹನಿ-ಸಕ್ಕರ್ ಅಂದರು, ಜೇನು ಹೀರುವುದು. ಗಡಿಯ ಆಚೆ ಮರಾಠಿಯಲ್ಲಿ ಶಿಂಜೀರ್. ಕನ್ನಡದ ಹಕ್ಕಿ ಪುಸ್ತಕಗಳಲ್ಲಿ ಸೂರಕ್ಕಿ. ನಮ್ಮ ಮನಿಯಾಗ ಅಜ್ಜಿ ಮಾತ್ರ “ಸಣ್ ಗುಬ್ಬಿ” ಅಂತಾಳ. ಗುಬ್ಬಿ ಗುಂಪಿನ ಹಕ್ಕಿಯೇ ಆದ್ದರಿಂದ, ಶಾಸ್ತ್ರದ ಲೆಕ್ಕದಾಗ ರೀಲ್ಸ್ ಮಾಡೋರಿಗಿಂತ ಅಜ್ಜಿನ ಹತ್ತಿರ ಅದಾಳ.

(5/9)

ಈಗ ನಮ್ಮ ನೆಲ. ಇದನ್ನ ನಿಧಾನ ಓದ್ರಿ.

1824ರಲ್ಲಿ ಮುಂಬೈ ಸರಕಾರ ವಿಲಿಯಂ ಹೆನ್ರಿ ಸೈಕ್ಸ್ ಅನ್ನೋ ಸೈನ್ಯದ ಅಧಿಕಾರಿಯನ್ನು ಅಂಕಿಅಂಶ ಬರೆಯುವ ಕೆಲಸಕ್ಕೆ ನೇಮಿಸಿತು. ಪೇಶ್ವೆಯ ರಾಜ್ಯ ಕಂಪನಿಯ ಕೈಗೆ ಬಂದು ಆರು ವರ್ಷ ಆಗಿತ್ತು. ಎಷ್ಟು ಜನ, ಎಷ್ಟು ಬೆಳೆ, ಎಷ್ಟು ಮಳೆ, ಎಷ್ಟು ಕಂದಾಯ ಅನ್ನೋದು ಸರಕಾರಕ್ಕೆ ಬೇಕಿತ್ತು. ಸೈಕ್ಸ್ ದಖನ್ ಪೂರಾ ತಿರುಗಿದ. ಜನ, ಬೆಳೆಯ ಜೊತೆ ಹಕ್ಕಿ, ಮೀನು, ಪ್ರಾಣಿಗಳನ್ನೂ ಬರೆದಿಟ್ಟ. 1832ರಲ್ಲಿ ಲಂಡನ್ನಿನ ಝೂಲಾಜಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ‘ದುಖನ್’ನ ಹಕ್ಕಿಗಳ ಪಟ್ಟಿ ಅಚ್ಚಾಯಿತು. ಹೌದ್ರಿ, ದಖನ್ ಅನ್ನೋದನ್ನ ಅವನು ಬರೆದದ್ದು ಹಂಗನ.

ಆ ಪಟ್ಟಿಯಲ್ಲಿ ಲೋಕಕ್ಕೆ ಹೊಸದಾದ ಎರಡು ಸೂರಕ್ಕಿ ಇದ್ದವು. ಒಂದಕ್ಕೆ ‘ಮಿನಿಮಾ’ ಅಂದ, ಎಲ್ಲಕ್ಕಿಂತ ಸಣ್ಣದು ಅಂತ. ಇನ್ನೊಂದಕ್ಕೆ ‘ವಿಗೊರ್ಸಿ’, ಅದೇ ವಿಗರ್ಸ್‌ನ ಗೌರವಕ್ಕೆ. ಎರಡೂ ಪಶ್ಚಿಮ ಘಟ್ಟದ ಹಕ್ಕಿ, ಬೇರೆ ಎಲ್ಲಿಯೂ ಇಲ್ಲ. ನಿಪ್ಪಾಣಿಯಿಂದ ಆಂಬೋಲಿ ಕಡೆಗೆ ಟ್ರಿಪ್ ಹೋಗ್ತೀರಲ್ಲ, ಜಲಪಾತದ ಮುಂದ ಸೆಲ್ಫಿ ತಗೊಳ್ಳೋ ಮೊದಲು ಗಿಡದ ಮ್ಯಾಲ ಒಂದ್ಸಲ ಕಣ್ಣಾಡಸ್ರಿ. ಕೆಂಪು ಬೆನ್ನು, ಕೆಂಪು ಗಂಟಲು ಹೊಳೆದ್ರ ಅವು ಇವೇ ಇರಬಹುದು.

ಆಮೇಲೆ 1881. ಬೆಳಗಾವಿ ಕಡೆ ಇದ್ದ ಕ್ಯಾಪ್ಟನ್ ಬಟ್ಲರ್ ಅನ್ನೋ ಸೇನಾಧಿಕಾರಿ ದಖನ್ ಮತ್ತು ‘ದಕ್ಷಿಣ ಮರಾಠಾ ಪ್ರದೇಶ’ದ ಹಕ್ಕಿಗಳ ಪಟ್ಟಿ ಮಾಡಿ ‘ಸ್ಟ್ರೇ ಫೆದರ್ಸ್’ ಅನ್ನೋ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ದಕ್ಷಿಣ ಮರಾಠಾ ಪ್ರದೇಶ ಅಂದ್ರ ನಾವ. ಕನ್ನಡ ಮಾತಾಡೋ ಊರುಗಳಿಗೆ ಆ ಹೆಸರು ಹೆಂಗ ಬಂತು ಅನ್ನೋದು ಬ್ಯಾರೆ ಸೀರೀಸ್, ಇಲ್ಲಿ ಆ ಜಗಳ ಬ್ಯಾಡ. ಆದ್ರ ಹಳೇ ದಾಖಲೆ ಹುಡುಕುವಾಗ ಈ ಹೆಸರು ಗೊತ್ತಿರಬೇಕು. ಇನ್ನೊಂದೂ ಗೊತ್ತಿರಬೇಕು: ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದ್ದು, 1949ರಲ್ಲಷ್ಟೇ ಈ ಕಡೆ ಬಂತು. ಹಳೇ ಬೆಳಗಾವಿ ಜಿಲ್ಲೆಯ ಪುಸ್ತಕದಾಗ ರಾಯಬಾಗ ಹುಡುಕಿದ್ರ ಸಿಗೋದಿಲ್ಲ, ಕೊಲ್ಹಾಪುರದ ಪುಸ್ತಕ ತೆಗೀಬೇಕು. ಹಕ್ಕಿಗೆ ಸಂಸ್ಥಾನದ ಗಡಿ ಇಲ್ಲ, ಬರೆಯೋ ಗುಮಾಸ್ತನಿಗೆ ಇತ್ತು.

‘ಸ್ಟ್ರೇ ಫೆದರ್ಸ್’ ನಡೆಸುತ್ತಿದ್ದವನು ಎ. ಒ. ಹ್ಯೂಮ್. ನಿಮ್ಮ ಇತಿಹಾಸ ಪುಸ್ತಕದಾಗ ಒಂದು ಮಾರ್ಕಿನ ಪ್ರಶ್ನೆಗೆ ಉತ್ತರ ಆಗಿ ಬರ್ತಾನಲ್ಲ, 1885ರ ಕಾಂಗ್ರೆಸ್ ಸ್ಥಾಪನೆ, ಅವನ! ದೇಶದ ಮೂಲೆಮೂಲೆಯಿಂದ ಹಕ್ಕಿಗಳ ಮಾಹಿತಿ ತರಿಸಿ, ಸಿಮ್ಲಾದ ತನ್ನ ಮನೆಯಲ್ಲಿ ಸಾವಿರಾರು ಹಕ್ಕಿಗಳ ಚರ್ಮ ಒಣಗಿಸಿ ಇಟ್ಟಿದ್ದ. ಭಾರತದ ಎಲ್ಲ ಹಕ್ಕಿಗಳ ಮೇಲೆ ದೊಡ್ಡ ಗ್ರಂಥ ಬರೆಯಬೇಕು ಅಂತ ವರ್ಷಗಟ್ಟಲೆ ಬರೆದ ಹಾಳೆಗಳಿದ್ದವು. ಅವನು ಊರಲ್ಲಿ ಇಲ್ಲದಾಗ ಮನೆಯ ಆಳೊಬ್ಬ ಆ ಹಾಳೆಗಳನ್ನು ರದ್ದಿಗೆ ಹಾಕಿಬಿಟ್ಟ. ಸಿಮ್ಲಾದ ಬಜಾರಿನಾಗ ಯಾರಿಗೋ ಪೊಟ್ಟಣ ಕಟ್ಟೋಕ ಹೋಗಿರಬೇಕು. ಹ್ಯೂಮ್ ಹಕ್ಕಿಗಳ ಕೆಲಸ ಅಲ್ಲಿಗೇ ಬಿಟ್ಟ, 1885ರಲ್ಲಿ ಆ ಸಂಗ್ರಹ ಪೂರಾ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟ.

ಇದನ್ನ ಯಾಕ ಹೇಳ್ದೆ ಅಂದ್ರ, ಆ ಕಾಲದಲ್ಲಿ ಹಕ್ಕಿ ಗುರುತು ಹಿಡಿಯೋದು ಅಂದ್ರ ಹೊಡೆದು ಕೈಯಾಗ ಹಿಡಿದು ನೋಡೋದು. ದುರ್ಬೀನು ಒಳ್ಳೇವು ಇರಲಿಲ್ಲ, ಕ್ಯಾಮೆರಾ ಈಗಿನಂಗ ಇರಲಿಲ್ಲ. ಹತ್ತು ಗ್ರಾಂ ತೂಗದ ಹಕ್ಕಿಗೂ ಬಂದೂಕು. ಲೇಬಲ್ಲಿನ ಮ್ಯಾಲ ಊರು, ತಾರೀಖು, ಹೊಡೆದವನ ಹೆಸರು. ನಿಮ್ಮ ಫೋನು ಮಾಡೋ ಕೆಲಸ ಆಗ ಛರ್ರೆ ಮಾಡ್ತಿತ್ತು.

(6/9)

ಅತ್ತ ಲಂಡನ್ನಿನಾಗ ಹಮ್ಮಿಂಗ್‌ಬರ್ಡ್ ಹುಚ್ಚು ಹಿಡಿದಿತ್ತು.

ಜಾನ್ ಗೌಲ್ಡ್ ಅನ್ನೋ ಪಕ್ಷಿತಜ್ಞ 1851ರಲ್ಲಿ, ಅಲ್ಲಿಯ ಪ್ರಾಣಿ ಸಂಗ್ರಹಾಲಯದಲ್ಲಿ, ಸತ್ತ ಹಮ್ಮಿಂಗ್‌ಬರ್ಡ್‌ಗಳ ಪ್ರದರ್ಶನ ಇಟ್ಟ. ಗಾಜಿನ ಪೆಟ್ಟಿಗೆಯಲ್ಲಿ ದಾರಕ್ಕೆ ಕಟ್ಟಿದ ಹಕ್ಕಿಗಳು. 75,000ಕ್ಕೂ ಹೆಚ್ಚು ಜನ ದುಡ್ಡು ಕೊಟ್ಟು ನೋಡಿದರು, ವಿಕ್ಟೋರಿಯಾ ರಾಣಿಯೂ ಬಂದಳು. ಈ ಹಕ್ಕಿಗಳ ಮೇಲೆ ಅವನು ಮಾಡಿದ ಪುಸ್ತಕದಲ್ಲಿ 360 ಚಿತ್ರಪಟ, ಹೊಳಪು ಬರಲಿ ಅಂತ ಬಣ್ಣದ ಕೆಳಗೆ ಬಂಗಾರದ ತಗಡು. ಅಷ್ಟೆಲ್ಲ ಮಾಡುವಾಗ ಗೌಲ್ಡ್ ಒಂದಾದರೂ ಜೀವಂತ ಹಮ್ಮಿಂಗ್‌ಬರ್ಡ್ ನೋಡಿರಲಿಲ್ಲ! 1857ರಲ್ಲಿ ಅಮೆರಿಕಕ್ಕೆ ಹೋದಾಗಲೇ ಕಂಡದ್ದು. ತಿರುಗಿ ಬರುವಾಗ ಜೀವಂತ ತರಲು ನೋಡಿದ, ಬದುಕಲಿಲ್ಲ.

ಆಮೇಲೆ ಟೋಪಿಯ ಕಾಲ. ಯುರೋಪಿನ ಹೆಂಗಸರ ಟೋಪಿಗೆ, ಆಭರಣಕ್ಕೆ ಈ ಹಕ್ಕಿಗಳ ಚರ್ಮ ಲಂಡನ್ನಿನ ಹರಾಜಿನಲ್ಲಿ ಮೂಟೆಗಟ್ಟಲೆ ಮಾರಾಟ ಆಯಿತು. ನಮ್ಮ ದೇಶದಿಂದಲೂ ಬೆಳ್ಳಕ್ಕಿ, ನವಿಲು, ಮಿಂಚುಳ್ಳಿ ಗರಿ ಹೋಗ್ತಿದ್ವು. 1902ರಲ್ಲಿ ಭಾರತದಿಂದ ಕಾಡುಹಕ್ಕಿಗಳ ಗರಿ-ಚರ್ಮದ ರಫ್ತು ನಿಲ್ಲಿಸಿದರು. ಹೊಳಪು ಆ ಹಕ್ಕಿಗೆ ವರ ಅಲ್ಲ, ಆ ಕಾಲದಾಗ ವೈರಿನ ಆಗಿತ್ತು.

(7/9)

ಸಣ್ಣ ಕ್ಯಾಪ್ಷನ್ ಇದು. ಆದ್ರ ನನಗ ಭಾಳ ಸೇರಿದ್ದು.

2004ರಲ್ಲಿ ಗೆರಾಲ್ಡ್ ಮೈಯರ್ ಅನ್ನೋ ಜರ್ಮನ್ ವಿಜ್ಞಾನಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪಳೆಯುಳಿಕೆಯ ಬಗ್ಗೆ ಬರೆದ. ಉದ್ದ ಚುಂಚು, ಗಾಳಿಯಲ್ಲಿ ನಿಲ್ಲಬಲ್ಲ ರೆಕ್ಕೆಯ ಎಲುಬು. ಪಕ್ಕಾ ಹಮ್ಮಿಂಗ್‌ಬರ್ಡ್. ಸಿಕ್ಕಿದ್ದು ದಕ್ಷಿಣ ಜರ್ಮನಿಯ ಮಣ್ಣಿನ ಗಣಿಯಲ್ಲಿ, ವಯಸ್ಸು 3 ಕೋಟಿ ವರ್ಷಕ್ಕೂ ಹೆಚ್ಚು. ಅದಕ್ಕೆ ಇಟ್ಟ ಹೆಸರಿನ ಅರ್ಥವೇ ‘ಎಣಿಸದೇ ಸಿಕ್ಕ ಯುರೋಪಿನ ಹಮ್ಮಿಂಗ್‌ಬರ್ಡ್’. ಆಮೇಲೆ ಫ್ರಾನ್ಸ್, ಪೋಲೆಂಡ್‌ನಲ್ಲೂ ಸಿಕ್ಕವು.

ಅಂದ್ರ ಈ ಕುಲ ಒಂದು ಕಾಲಕ್ಕೆ ಹಳೇ ಲೋಕದಲ್ಲೂ ಇತ್ತು. ಇಲ್ಲಿ ಅಳಿದು, ಅಲ್ಲಿ ಉಳೀತು. “ಹಮ್ಮಿಂಗ್‌ಬರ್ಡ್ ಅಮೆರಿಕಾದ್ದು” ಅನ್ನೋದು ಇವತ್ತಿನ ಮಾತು, ಯಾವತ್ತಿನದೂ ಅಲ್ಲ.

(8/9)

ಈಗ ನಿಪ್ಪಾಣಿ. ಹಮ್ಮಿಂಗ್‌ಬರ್ಡ್‌ಗೂ ನಿಪ್ಪಾಣಿಗೂ ಏನು ಸಂಬಂಧ ಅಂತ ನಗಬ್ಯಾಡ್ರಿ. ತಂಬಾಕು!

ತಂಬಾಕು ಅಮೆರಿಕದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು ಅಲ್ಲಿಂದ ಒಳನಾಡಿಗೆ ಹಬ್ಬಿತು. ಎಷ್ಟು ಬೇಗ ಅಂದ್ರ, 1604ರ ಸುಮಾರಿಗೆ ಅಕ್ಬರನ ದೂತನಾಗಿ ವಿಜಯಪುರಕ್ಕೆ ಬಂದ ಅಸದ್ ಬೇಗ್‌ಗೆ ಅಲ್ಲಿ ತಂಬಾಕು ಸಿಕ್ಕಿತು. ಅವನು ಹಿಂದೆಂದೂ ಕಂಡಿರಲಿಲ್ಲ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲ ಅದು. ನಮ್ಮ ಅಥಣಿ, ರಾಯಬಾಗ ಎಲ್ಲ ಅದೇ ರಾಜ್ಯದೊಳಗೆ. ಅಸದ್ ಬೇಗ್ ರತ್ನ ಕೂರಿಸಿದ ಚಂದದ ಹುಕ್ಕಾ ಮಾಡಿಸಿ, ತಂಬಾಕಿನ ಜೊತೆ ಅಕ್ಬರನ ಮುಂದೆ ಇಟ್ಟ. ಬಾದಶಹ ಒಂದೆರಡು ಸಲ ಎಳೆದ, ಹಕೀಮ ಬೇಡ ಅಂದ, ಆಸ್ಥಾನದಲ್ಲಿ ದೊಡ್ಡ ವಾದ ಆಯಿತು. ಅಕ್ಬರ್ ಬಿಟ್ಟ, ಆಸ್ಥಾನದವರು ಹಿಡಿದರು. 1617ರಲ್ಲಿ ಜಹಾಂಗೀರ್ ನಿಷೇಧಿಸಿದ, ಯಾರೂ ಕೇಳಲಿಲ್ಲ. ದಿಲ್ಲಿ-ಆಗ್ರಾದ ದೊರೆಗಳಿಗೆ ತಂಬಾಕು ಮುಟ್ಟಿಸಿದ್ದು ನಮ್ಮ ಪಕ್ಕದ ವಿಜಯಪುರ. ಇದನ್ನ ಹೆಮ್ಮೆ ಅನ್ನಬೇಕೋ ಬ್ಯಾಡೋ ನೀವ ನೋಡ್ಕೋರಿ.

ಮುಂದೆ ನಿಪ್ಪಾಣಿ ಬೀಡಿ ತಂಬಾಕಿನ ಪೇಟೆ ಆಯಿತು. ರೈತರು ನ್ಯಾಯದ ಬೆಲೆಗಾಗಿ 1981ರಲ್ಲಿ ದೊಡ್ಡ ಚಳವಳಿ ಮಾಡಿದ್ದು ನಿಮ್ಮ ಮನಿ ಹಿರಿಯರಿಗೆ ಗೊತ್ತಿರತೈತಿ, ಕೇಳ್ರಿ.

ಆದ್ರ ನಾನು ಹೇಳಬೇಕಾದ್ದು ಹೂವಿನ ಬಗ್ಗೆ. ತಂಬಾಕಿನ ಹೂವು ನೋಡಿರೇನು? ತಂಬಾಕಿನ ಹೊಲದ ನಡುವ ಬೆಳೆದ ಹುಡುಗರೂ ಹೂವು ಸರಿಯಾಗಿ ನೋಡಿರೋದಿಲ್ಲ. ಯಾಕಂದ್ರ ಮೊಗ್ಗು ಬಂದ ಕೂಡಲೇ ಕುಡಿ ಮುರೀತೀವಿ. ಗಿಡದ ಬಲ ಹೂವಿಗೆ, ಬೀಜಕ್ಕೆ ಹೋಗದೆ ಎಲೆಗೆ ಹೋಗಲಿ ಅಂತ. ಬೀಜಕ್ಕೆ ಬಿಟ್ಟ ನಾಕಾರು ಗಿಡದಲ್ಲಿ ಮಾತ್ರ ಹೂವು ಅರಳುತ್ತದೆ: ಗುಲಾಬಿ ಬಣ್ಣ, ಉದ್ದನೆ ಕೊಳವೆ, ಕೂರೋಕೆ ಜಾಗ ಇಲ್ಲ. ಆ ಆಕಾರ ಹಂಗ ಆಗಿದ್ದು ಗಾಳಿಯಲ್ಲಿ ನಿಂತು ಕುಡಿಯುವವರಿಗಾಗಿ. ತಂಬಾಕಿನ ಬಳಗಕ್ಕೆ ತವರಿನಲ್ಲಿ ಬರುವ ಅತಿಥಿಗಳು ಹಾಕ್‌ಮಾತ್ ಮತ್ತು ಹಮ್ಮಿಂಗ್‌ಬರ್ಡ್. ಹೂವು ನಾಲ್ಕು ನೂರು ವರ್ಷದ ಹಿಂದೆ ಹಡಗು ಹತ್ತಿ ನಮ್ಮಲ್ಲಿಗೆ ಬಂತು, ಹಕ್ಕಿ ಅಲ್ಲೇ ಉಳೀತು.

ಅಮೆರಿಕದ ಮರುಭೂಮಿಯಲ್ಲಿ ಬೆಳೆಯುವ ಕಾಡು ತಂಬಾಕಿನ ಮೇಲೆ 2010ರಲ್ಲಿ ಒಂದು ಅಧ್ಯಯನ ಬಂತು. ಆ ಗಿಡ ಮಾಮೂಲಾಗಿ ಸಂಜೆ ಅರಳಿ ಪತಂಗವನ್ನು ಕರೆಯುತ್ತದೆ. ಪತಂಗ ಪರಾಗ ಒಯ್ಯುತ್ತದೆ, ಆದ್ರ ಹೋಗುವಾಗ ಎಲೆಯ ಮೇಲೆ ಮೊಟ್ಟೆಯನ್ನೂ ಇಡುತ್ತದೆ. ಮರಿಹುಳ ಎಲೆ ಮೇಯಲು ಶುರು ಮಾಡಿದರೆ ಗಿಡ ಏನು ಮಾಡತೈತಿ ಗೊತ್ತೇ? ಕೆಲವು ಹೂವುಗಳನ್ನು ಸಂಜೆ ಬಿಟ್ಟು ಬೆಳಿಗ್ಗೆ ಅರಳಿಸುತ್ತದೆ. ಬೆಳಿಗ್ಗೆ ಬರೋದು ಹಮ್ಮಿಂಗ್‌ಬರ್ಡ್, ಅದು ಮೊಟ್ಟೆ ಇಡೋದಿಲ್ಲ! ಹುಳಕ್ಕ ಔಷಧಿ ಹೊಡೆದು ಹೊಡೆದು ಸಾಕಾದ ನಮ್ಮ ರೈತರಿಗೆ ಈ ಉಪಾಯ ಹೇಳಿದ್ರ ನಗಬಹುದು. ಆದ್ರ ಗಿಡ ಮಾಡೋದು ನಿಜ.

ಇನ್ನೊಂದು ಅಧ್ಯಯನ 2009ರದ್ದು, ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿಗೂ ತಂಬಾಕಿನ ಒಬ್ಬ ತಮ್ಮ, ಹಳದಿ ಕೊಳವೆ ಹೂವಿನ ಗಿಡ, ಅಮೆರಿಕದಿಂದ ಬಂದು ಕಳೆಯಾಗಿ ಹಬ್ಬಿದೆ. ಕೂರೋಕೆ ಜಾಗ ಇಲ್ಲ, ಜೇನು ಮಾತ್ರ ಬೇಕಾದಷ್ಟು. ಅಲ್ಲಿಯ ಸೂರಕ್ಕಿಗಳು ಏನು ಮಾಡಿದವು? ಗಾಳಿಯಲ್ಲಿ ನಿಂತು ಕುಡಿಯಲು ಶುರು ಮಾಡಿದವು. ಪಕ್ಕಾ ಹಮ್ಮಿಂಗ್‌ಬರ್ಡ್ ಹಂಗ.

ಈಗ ನಿಮ್ಮ ಹಿತ್ತಲಿಗೆ ವಾಪಸ್ ಬರ್ರಿ. ಕೆಂಪು-ಕಿತ್ತಳೆ ಕೊಳವೆ ಹೂವಿನ ಹ್ಯಾಮೀಲಿಯಾ, ಹಳದಿ ಗಂಟೆಯಂಥ ಟೆಕೋಮಾ, ಕಾಬಾಳೆ. ಶಾಲೆ ಮುಂದ, ಬಸ್‌ಸ್ಟ್ಯಾಂಡ್ ಪಕ್ಕ, ಸಕ್ಕರೆ ಕಾರ್ಖಾನೆ ಗೇಟಿನ ಹತ್ರ ಹಚ್ಚಿರೋ ಇವೆಲ್ಲ ಅಮೆರಿಕದವೇ. ನರ್ಸರಿಯಿಂದ ತಂದು ಹಚ್ಚಿದ ಗಿಡಗಳ ಮುಂದೆ ನಮ್ಮ ಸೂರಕ್ಕಿ ಒಂದೆರಡು ಸೆಕೆಂಡು ಗಾಳಿಯಲ್ಲಿ ನಿಲ್ಲುತ್ತದೆ. ಒಮ್ಮೊಮ್ಮೆ ಕಷ್ಟ ಪಡದೆ ಹೂವಿನ ಬುಡಕ್ಕೆ ತೂತು ಹಾಕಿ ಕಳ್ಳತನದಿಂದ ಕುಡಿಯುತ್ತದೆ. ನಿಮ್ಮ ದೋಸ್ತ ವಿಡಿಯೋ ಮಾಡಿ “ಹಮ್ಮಿಂಗ್‌ಬರ್ಡ್” ಅಂತಾನ. ಹಕ್ಕಿ ನಮ್ಮದು, ಆದ್ರ ಹೂವು ಹೌದಲ್ಲ, ಹಮ್ಮಿಂಗ್‌ಬರ್ಡ್‌ನದು.

(9/9)

ನಮ್ಮ ನೆಲದ ಹೂವುಗಳಲ್ಲಿ ಸೂರಕ್ಕಿ ಕುಂತು ಕುಡಿಯೋದನ್ನ ನೋಡಬೇಕಂದ್ರ ಮುತ್ತಲ ಗಿಡಕ್ಕ ಹೋಗ್ರಿ. ದಪ್ಪ ತೊಟ್ಟು, ಗಟ್ಟಿ ದಳ, ಕೂತವರಿಗೆ ಕುರ್ಚಿ ಹಾಕಿದಂಗ. 2003ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದವರು ಮುತ್ತಲದ ಮೇಲೆ ಅಧ್ಯಯನ ಮಾಡಿ, ಅದರ ಪರಾಗ ಒಯ್ಯುವುದರಲ್ಲಿ ಕಪ್ಪು ಸೂರಕ್ಕಿಯೇ ಮುಂದು ಅಂತ ಕಂಡುಕೊಂಡರು. ಆ ತಂಡದಲ್ಲಿ ಎಚ್. ವೈ. ಮೋಹನ್ ರಾಮ್ ಇದ್ದರು, ನಮ್ಮ ಮೈಸೂರಿನವರು. ಮುತ್ತಲದ ಮೇಲೆ, ಮಾವಿನ ಮೇಲೆ ಬೆಳೆಯುವ ಬದನಿಕೆಯ ಹೂವು, ಹಾಲವಾಣ, ನುಗ್ಗಿ, ಬಾಳೆ, ಇವುಗಳಿಗೂ ಸೂರಕ್ಕಿ ಬರುತ್ತದೆ.

ಆದ್ರ ಕಬ್ಬಿನ ಹೊಲದ ಬಾಂದಿನ ಮ್ಯಾಲ ಮುತ್ತಲ ಎಷ್ಟು ಉಳಿದಾವು, ನೀವ ಎಣಿಸ್ರಿ. ಟ್ರ್ಯಾಕ್ಟರ್ ತಿರುಗೋಕ ಅಡ್ಡ, ನೆರಳು ಬೀಳತೈತಿ, ಕಡೀರಿ. ರಸ್ತೆ ಅಗಲ ಮಾಡ್ಬೇಕು, ಕಡೀರಿ. ಊದಲಿ ಅಂತ ಹೇಳ್ತಿಲ್ಲ, ನಿಮ್ಮ ಹೊಲದ್ದ ಲೆಕ್ಕ ಹಾಕಿ ನೋಡ್ರಿ: ಅಜ್ಜನ ಕಾಲಕ್ಕ ಎಷ್ಟಿದ್ವು, ಈಗ ಎಷ್ಟು.

ಗೂಡಿನ ವಿಷಯ ಬ್ಯಾರೇನ ಹೇಳಬೇಕು. ಸೂರಕ್ಕಿಯ ಗೂಡು ಕಸ ನೇತುಬಿದ್ದಂಗ ಕಾಣತೈತಿ. ನಾರು, ಒಣ ಎಲಿ, ತೊಗಟೆ ಚೂರು, ಹುಳದ ಹಿಕ್ಕೆ, ಎಲ್ಲಾ ಜೇಡರ ಬಲಿಯಿಂದ ಹೊಲಿದದ್ದು. ಬಾಗಿಲ ಮ್ಯಾಲ ಸಣ್ಣ ಛಾವಣಿ ಬ್ಯಾರೆ. ಬಟ್ಟಿ ಒಣಹಾಕೋ ತಂತಿಗೆ, ಪಡಸಾಲಿ ಬಲ್ಬಿನ ವೈರಿಗೂ ಕಟ್ಟತಾವು. ಮಾಮೂಲಾಗಿ ಎರಡು ಮೊಟ್ಟೆ, ಎರಡು ವಾರದ ಕಾವು, ಮತ್ತೆರಡು ವಾರದಲ್ಲಿ ಮರಿ ಹಾರುತ್ತದೆ. ಪೂರಾ ಒಂದು ತಿಂಗಳ ಲೆಕ್ಕ. ಆ ತಿಂಗಳಿನಾಗ ಫೋಟೋಕ್ಕ ಅಡ್ಡ ಬಂದ ಎಲಿ ಕಿತ್ತಿರಿ ಅಂದ್ರ ಬಿಸಿಲು ನೇರ ಒಳಗ ಬೀಳತೈತಿ, ಕಾಗಿಗೆ ದಾರಿ ತೋರಿಸಿದಂಗ ಆಗತೈತಿ. ತಾಯಿ ಹೆದರಿ ಗೂಡು ಬಿಟ್ಟು ಹೋಗಬಹುದು. ಮರಿ ಇರೋ ಗೂಡಿನ ರೀಲ್ಸ್‌ಗೆ ನಾ ಲೈಕ್ ಒತ್ತೋದಿಲ್ಲ, ಎಷ್ಟ ಹತ್ತಿರದ ದೋಸ್ತ ಆದ್ರೂ. 1972ರ ವನ್ಯಜೀವಿ ಕಾಯ್ದೆ ಈ ಹಕ್ಕಿಗೂ, ಅದರ ಮೊಟ್ಟೆಗೂ, ಗೂಡಿಗೂ ಅನ್ವಯ ಆಗತೈತಿ.

ಹಕ್ಕಿಯ ಫೋಟೋ ಹಾಕುವಾಗ ಊರು, ತಾರೀಖು, ಹೂವಿನ ಹೆಸರು ಬರೀರಿ. ಬಟ್ಲರ್ ಕಾಲದ ಲೇಬಲ್ಲಿನಾಗ ಇದ್ದದ್ದೂ ಅಷ್ಟ. “ಹಮ್ಮಿಂಗ್‌ಬರ್ಡ್, ನಮ್ಮೂರು” ಅಂತ ಹಾಕಿದ ಫೋಟೋ ಐವತ್ತು ವರ್ಷದ ಮ್ಯಾಲ ಯಾರ ಲೆಕ್ಕಕ್ಕೂ ಬರೋದಿಲ್ಲ. “ಕಪ್ಪು ಸೂರಕ್ಕಿ, ಗಂಡು, ಉಗಾರ ಹತ್ತಿರ, ಫೆಬ್ರುವರಿ, ಮುತ್ತಲ ಹೂವು” ಅಂತ ಇದ್ದದ್ದು ಬರತೈತಿ. ಐನ್ಯಾಚುರಲಿಸ್ಟ್, ಇ-ಬರ್ಡ್ ಆ್ಯಪ್‌ನಾಗೂ ಹಾಕಬಹುದು. ಹೆಸರು ಗೊತ್ತಾಗದಿದ್ರ ಬರೇ “ಸೂರಕ್ಕಿ” ಅಂದ್ರೂ ಸಾಕು.

ಚಿಂಚಲಿ ಮಾಯಕ್ಕನ ಜಾತ್ರೆ ಹೊತ್ತಿಗೆ ಮುತ್ತಲ ಹೂವು ಬಿಡೋಕ ಶುರು. ಜಾತ್ರೆಗೆ ಬೆಳಿಗ್ಗೆನ ಹೊರಡ್ರಿ, ದಾರಿಯಾಗ ಎಲ್ಲೆರೆ ಕೆಂಪು ಗಿಡ ಕಂಡ್ರ ಗಾಡಿ ನಿಲ್ಲಿಸಿ ಹತ್ತು ನಿಮಿಷ ನಿಲ್ರಿ. ಮೈನಾ, ಅಳಿಲು, ಸೂರಕ್ಕಿ ಎಲ್ಲಾ ಒಂದ ಪಂಗ್ತಿಗೆ ಕುಂತಿರತಾವು. ಇನ್ನ ನಿಪ್ಪಾಣಿ ಕಡೆ ಇರೋರಿಗೆ ಒಂದು ಕೆಲಸ: ನಿಮ್ಮ ಹೊಲದಾಗ ಬೀಜಕ್ಕ ಬಿಟ್ಟ ತಂಬಾಕು ಇದ್ರ ಅದು ಹೂ ಬಿಟ್ಟಾಗ ಬೆಳಿಗ್ಗೆ ಒಂದ್ಸಲ, ಹೊತ್ತು ಮುಳುಗೋ ಮುಂದ ಒಂದ್ಸಲ ಹೋಗಿ ನೋಡ್ರಿ. ಯಾರು ಬಂದ್ರು, ಕುಂತು ಕುಡಿದ್ರೋ, ಗಾಳಿಯಾಗ ನಿಂತು ಕುಡಿದ್ರೋ, ಬುಡಕ್ಕ ತೂತು ಹಾಕಿದ್ರೋ, ಕಮೆಂಟ್‌ನಾಗ ಬರೀರಿ.

#ಸೂರಕ್ಕಿ #ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ಹಮ್ಮಿಂಗ್‌ಬರ್ಡ್‌_ಅಲ್ರಿ